ಅಂಗಡಿ ಮೆಟ್ಟಿಲು ಇಳಿಯೋಕಿಂತ ಮೊದಲು ಬಿಲ್ ಓದ್ರಿ

"ಬಿಲ್ ಯಾಕ ಬೇಕ್ರಿ ಕಾಕಾ, ನಾವ್ ಇಲ್ಲೇ ಕುಂತೀವಲ್ಲ. ಏನಾದ್ರೂ ಆದ್ರ ನನಗ ಒಂದ್ ಫೋನ್ ಹಚ್ರಿ."

ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿರಲಿ, ಯಾದಗಿರಿಯಲ್ಲಿರಲಿ, ಹುಮನಾಬಾದಿನಲ್ಲಿರಲಿ, ಫ್ರಿಜ್ಜೋ ಕೂಲರೋ ಕೊಳ್ಳಲು ಹೋದವರು ಈ ಮಾತು ಕೇಳಿಯೇ ಇರುತ್ತೀರಿ. ಹೇಳಿದವನ ಮನಸ್ಸಿನಲ್ಲಿ ಕಪಟ ಇರಲಿಕ್ಕಿಲ್ಲ. ಆದರೆ ವಾರಂಟಿ ಕೊಡುವುದು ಅವನಲ್ಲ, ಕಂಪನಿ. ಸರ್ವಿಸ್ ಸೆಂಟರ್‌ನಲ್ಲಿ ಕೂತ ಹುಡುಗನಿಗೆ ನಿಮ್ಮ ಸಾವ್ಕಾರರ ಪರಿಚಯವಿಲ್ಲ. ಅವನ ಕಂಪ್ಯೂಟರ್ ಕೇಳುವುದು ಎರಡೇ: ಖರೀದಿ ತಾರೀಖು, ಸೀರಿಯಲ್ ನಂಬರ್.

ಬಿಲ್ ಜೋಪಾನ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಬೇರೆ. ಜೋಪಾನ ಮಾಡುವಂಥ ಬಿಲ್ಲೇ ನಮ್ಮಲ್ಲಿ ಅರ್ಧಕ್ಕರ್ಧ ಜನರ ಕೈಗೆ ಬಂದಿರುವುದಿಲ್ಲ. ಬಂದಿರುವುದು ಮೇಲೆ 'ಎಸ್ಟಿಮೇಟ್' ಅಂತ ಅಚ್ಚಾದ, ಕೆಳಗೆ 'ಫ್ರಿಜ್ 1, ಮಿಕ್ಸಿ 1' ಅಂತ ಪೆನ್ನಿನಲ್ಲಿ ಗೀಚಿದ ಕಚ್ಚಾ ಚೀಟಿ. ಅದನ್ನು ಹತ್ತು ವರ್ಷ ತಿಜೋರಿಯಲ್ಲಿಟ್ಟರೂ ಕಂಪನಿಯವರು ಒಪ್ಪುವುದಿಲ್ಲ.

ಪಕ್ಕಾ ಬಿಲ್ಲಿನಲ್ಲಿ ಅಂಗಡಿಯ 15 ಅಕ್ಷರದ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ನಿಮ್ಮ ಹೆಸರು, ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರಬೇಕು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು: ನಮ್ಮದು 29, ತೆಲಂಗಾಣ 36, ಮಹಾರಾಷ್ಟ್ರ 27. ಬೀದರಿನವರು ಹೈದರಾಬಾದಿನಿಂದ ತಂದ ಮಾಲಿಗೆ 36ರ ಬಿಲ್, ಕಲಬುರಗಿಯವರು ಸೋಲಾಪುರದಿಂದ ತಂದರೆ 27ರ ಬಿಲ್ ಇರುತ್ತದೆ. ಅದರಿಂದ ತೊಂದರೆಯಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾಲು ಎಲ್ಲೇ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ತಕರಾರು ಹುಟ್ಟಿದ ದಿನದಿಂದ 2 ವರ್ಷ.

ಸೀರಿಯಲ್ ನಂಬರ್ ಬರೆಯಲು ಅಂಗಡಿಯವರಿಗೆ ಬೇಸರ. 'ಡಬ್ಬಿ ಮ್ಯಾಲ ಅದಲ್ರಿ' ಅಂತಾರೆ. ಡಬ್ಬಿ ಮುಂದಿನ ದೀಪಾವಳಿಗೆ ರದ್ದಿಗೆ ಹೋಗುತ್ತದೆ. ಕಂಪ್ಯೂಟರ್ ಬಿಲ್ಲಿನಲ್ಲಿ ಜಾಗ ಇಲ್ಲ ಅಂದರೆ ಪೆನ್ನಿನಲ್ಲೇ ಬರೆಸಿ, ಪಕ್ಕದಲ್ಲಿ ಸಹಿ ಮತ್ತು ಅಂಗಡಿಯ ಠಸ್ಸೆ ಹಾಕಿಸಿ. ಏಸಿಗೆ ಒಳಗಿನ ಯೂನಿಟ್ಟಿಗೊಂದು, ಹೊರಗಿನದಕ್ಕೊಂದು ನಂಬರ್ ಇರುತ್ತದೆ. ಕಂಪ್ರೆಸರ್ ಇರುವುದು ಹೊರಗಿನದರಲ್ಲಿ, ಬಿಲ್ಲಿನಲ್ಲಿ ಇರುವುದು ಒಳಗಿನದು ಮಾತ್ರ ಅಂತಾದರೆ ಆಮೇಲೆ ವಾದ ತಪ್ಪಿದ್ದಲ್ಲ.

'ಪಕ್ಕಾ ಬಿಲ್ ಬೇಕಂದ್ರ 18 ಪರ್ಸೆಂಟ್ ಮ್ಯಾಲ ಆಗ್ತದ' ಅನ್ನುವುದು ಇನ್ನೊಂದು ಹಳೆಯ ರಾಗ. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿಯೇ ಇರುತ್ತದೆ. ನೀವು ಚೌಕಾಸಿ ಮಾಡಿ ನಿಲ್ಲಿಸಿದ ದರಕ್ಕೂ ತೆರಿಗೆ ಸೇರಿದೆಯಾ ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಎಣಿಸಿ. ಬಿಲ್ ಕೊಡದಿರುವುದನ್ನು ಅದೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ. ಇದಕ್ಕಾಗಿ ಜಗಳ ಬೇಡ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಕೇಳ್ತೀನಿ ಅಂದರೆ ಬಹಳ ಕಡೆ ಪ್ರಿಂಟರ್ ತಾನಾಗಿ ಶುರುವಾಗುತ್ತದೆ.

ಅತಿಬುದ್ಧಿವಂತರ ಒಂದು ಎಡವಟ್ಟೂ ಇದೆ. ಮನೆಗೆ ಏಸಿ ಕೊಂಡು, ತೆರಿಗೆ ವಾಪಸ್ ಸಿಗಲಿ ಅಂತ ತಮ್ಮ ಅಂಗಡಿಯ ಅಥವಾ ಗೆಳೆಯನ ಫರ್ಮಿನ ಜಿಎಸ್‌ಟಿ ನಂಬರಿಗೆ ಬಿಲ್ ಮಾಡಿಸುವುದು. ಮನೆಬಳಕೆಯ ಮಾಲನ್ನು ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲ ಅಂತ ಬಹಳ ಕಾರ್ಡುಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕರ ಕಾಯ್ದೆಯೂ ಹೊರಗಿಡುತ್ತದೆ. ನಾಲ್ಕು ಸಾವಿರ ಉಳಿಸಲು ಹೋಗಿ ಎರಡೂ ಕಡೆ ನಿಮ್ಮ ಕೈಯಾರೆ ಬಾಗಿಲು ಹಾಕಿಕೊಂಡಂತೆ.

ಮದುವೆ ಸಾಮಾನಿನ ಮಾತು ಬೇರೆಯೇ. ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಮಿಕ್ಸಿ, ಕಪಾಟು, ಎಲ್ಲ ಒಂದೇ ಅಂಗಡಿಯಲ್ಲಿ ಕೊಂಡು ಕೊನೆಗೆ 'ಮದುವೆ ಸೆಟ್, ಒಟ್ಟು ಇಷ್ಟು' ಅಂತ ಒಂದೇ ಸಾಲಿನ ಬಿಲ್. ಬಿಲ್ ಅಪ್ಪನ ಹೆಸರಿನಲ್ಲಿ ಶಹಾಪುರದಲ್ಲಿ, ಫ್ರಿಜ್ ಮಗಳ ಮನೆಯಲ್ಲಿ ಪುಣೆಯಲ್ಲಿ. ಹೆಸರು ಬೇರೆ ಅನ್ನುವುದಕ್ಕೆ ಹೆದರಬೇಕಿಲ್ಲ: ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹೆದರಬೇಕಾದ್ದು ಆ ಒಂದೇ ಸಾಲಿಗೆ. ಪ್ರತಿ ಸಾಮಾನಿಗೂ ಬೇರೆ ಸಾಲು, ಬೇರೆ ಬೆಲೆ, ಬೇರೆ ಸೀರಿಯಲ್ ನಂಬರ್ ಹಾಕಿಸಿ. ಬೀಗರ ಮನೆಗೆ ಲಾರಿ ಹೊರಡುವ ಮುಂಚೆ ಫೋಟೋ ಮಗಳ ಫೋನಿಗೆ ಹೋಗಲಿ.

ಇನ್ನು ಕಾಗದದ ಸಂಗತಿ. ದೊಡ್ಡ ಶೋರೂಮಿನಲ್ಲಿ ಕೊಡುವ ನುಣುಪು ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಸವರಿದ ಬಣ್ಣದ ರಾಸಾಯನಿಕ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಅದೇ ಅಕ್ಷರ. ಆದ್ದರಿಂದ ನಮ್ಮ ಮೇ ತಿಂಗಳ ಬಿಸಿಲಿಗೆ ಇದು ಬಾಳುವ ಮಾಲಲ್ಲ. ಗಾಡಿ ಡಿಕ್ಕಿಯಲ್ಲಿ ಮರೆತಿರೋ, ಪಡುವಣ ಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟಿನಲ್ಲಿ ಇಟ್ಟಿರೋ, ಅದು ಕಪ್ಪಿಡುತ್ತದೆ, ಇಲ್ಲವೇ ಮಾಸುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿರುವ ಎಣ್ಣೆಯಂಥ ಅಂಶ, ಸೆಲೋಟೇಪಿನ ಅಂಟು, ಎರಡೂ ಅಕ್ಷರ ತಿನ್ನುತ್ತವೆ. ಇನ್ನು ಕೆಲವರು ಭದ್ರವಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸುತ್ತಾರೆ. ಬಿಸಿ ರೋಲರಿನ ಈ ಕಡೆ ಬಿಲ್ ಹೋಗುತ್ತದೆ, ಆ ಕಡೆ ಅಚ್ಚುಕಟ್ಟಾದ ಕಪ್ಪು ಹಾಳೆ ಬರುತ್ತದೆ! ಕೊಂಡ ದಿನವೇ ಎರಡು ಝೆರಾಕ್ಸ್ ತೆಗೆಸಿ, ಫೋಟೋ ಹೊಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ಆಗಿದ್ದರೆ ಅದನ್ನು ನಿಮ್ಮ ಇಮೇಲಿಗೆ ನೀವೇ ಕಳಿಸಿಕೊಳ್ಳಿ, ವಿಷಯದ ಜಾಗದಲ್ಲಿ 'ಗೀಜರ್ ಬಿಲ್' ಅಂತ ಬರೆದು. ಫೋನ್ ಬದಲಾದಾಗ ವಾಟ್ಸ್ಆ್ಯಪ್‌ನ ಹಳೆಯದು ಉಳಿದಿರುತ್ತದೆ ಅಂತ ನಂಬಬೇಡಿ.

ಫೋಟೋ ಬಿಲ್ಲಿನದಷ್ಟೇ ಸಾಲದು, ಮಾಲಿಗೆ ಅಂಟಿಸಿದ ಸ್ಟಿಕ್ಕರಿನದೂ ಬೇಕು. ಫ್ರಿಜ್‌ನಲ್ಲಿ ತರಕಾರಿ ಡಬ್ಬಿಯ ಪಕ್ಕದ ಗೋಡೆಗೋ ಹಿಂಬದಿಗೋ, ಮಿಕ್ಸಿಗೆ ತಳದಲ್ಲಿ ಇರುತ್ತದೆ. ಗೀಜರ್ ಗೋಡೆಗೆ ಕೂತ ಮೇಲೆ ಸ್ಟಿಕ್ಕರ್ ಕಣ್ಣಿಗೆ ಬೀಳದೇ ಇರಬಹುದು, ಕೂರಿಸುವ ಮುಂಚೆಯೇ ಹೊಡೆಯಿರಿ. ಕೂಲರಿನದಂತೂ ಎರಡು ಬೇಸಿಗೆ ನೀರು ಬಿದ್ದರೆ ಅಳಿಸಿಹೋಗುತ್ತದೆ.

ಬಿಲ್ ಕಳೆದೇಹೋಯಿತು ಅನ್ನಿ. ಯುಪಿಐ ಸ್ಕ್ರೀನ್‌ಶಾಟ್ ಯಾರಿಗೆ ಎಷ್ಟು ಕೊಟ್ಟಿರಿ ಅಂತ ಹೇಳುತ್ತದೆ, ಏನು ಕೊಂಡಿರಿ ಅಂತ ಹೇಳುವುದಿಲ್ಲ. ಆದರೆ ಅದರಿಂದ ತಾರೀಖು ಸಿಗುತ್ತದೆ. ಆ ತಾರೀಖು, ನಿಮ್ಮ ಫೋನ್ ನಂಬರ್ ಹಿಡಿದುಕೊಂಡು ಅಂಗಡಿಗೆ ಹೋಗಿ ನಕಲು ಕೇಳಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಅವರು ಲೆಕ್ಕಪತ್ರ ಇಟ್ಟುಕೊಳ್ಳಲೇಬೇಕು. 'ಹಳೇದ್ ಸಿಗಂಗಿಲ್ರಿ' ಅಂದರೆ ಈ ಮಾತು ಮೆತ್ತಗೆ ನೆನಪಿಸಿ. ಕಂತಿನಲ್ಲಿ ಕೊಂಡಿದ್ದರೆ ಸಾಲ ಕೊಟ್ಟ ಫೈನಾನ್ಸ್‌ನವರನ್ನೂ ಕೇಳಿ ನೋಡಿ. ಕಚ್ಚಾ ಚೀಟಿಯಲ್ಲಿ ಕೊಂಡವರಿಗೆ ಈ ದಾರಿ ಯಾವುದೂ ಇಲ್ಲ, ಅಂಗಡಿಯ ಲೆಕ್ಕದಲ್ಲಿ ಆ ಮಾರಾಟ ನಡೆದೇ ಇಲ್ಲ.

ಒಂದು ವರ್ಷ ಆಯ್ತು, ಬಿಲ್ ಯಾಕೆ ಅಂತ ಹರಿಯಬೇಡಿ. ಫ್ರಿಜ್‌ಗೆ ಪೂರ್ತಿ ವಾರಂಟಿ 1 ವರ್ಷ, ಕಂಪ್ರೆಸರಿಗೆ 10 ವರ್ಷ ಅನ್ನುವ ಕಂಪನಿಗಳು ಬಹಳ. ಹಾಗಂತ 10 ವರ್ಷ ಎಲ್ಲ ಪುಕ್ಕಟೆ ಅಂತಲ್ಲ. ಸಾಮಾನ್ಯವಾಗಿ ಸಿಗುವುದು ಆ ಭಾಗ ಮಾತ್ರ. ಗ್ಯಾಸ್ ತುಂಬುವ ಖರ್ಚು, ಕೂಲಿ, ಸಾಗಾಟ ನಿಮ್ಮದು.

ವಾರಂಟಿ ಮುಗಿಯಲು ನಾಲ್ಕು ದಿನ ಇರುವಾಗ ಕೆಟ್ಟರೆ ಅವತ್ತೇ ಕಂಪನಿಯ ನಂಬರಿಗೆ ದೂರು ಬರೆಸಿ, ಮೆಸೇಜಿನಲ್ಲಿ ಬಂದ ದೂರು ಸಂಖ್ಯೆ ಅಳಿಸದೆ ಇಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತು ದಿನ ಬಿಟ್ಟು ಬಂದರೂ ನೀವು ಗಡುವಿನೊಳಗೆ ಹೇಳಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಅಷ್ಟರಲ್ಲಿ ಸೆಕೆ ತಾಳಲಾರದೆ ಓಣಿಯ ಮಿಸ್ತ್ರಿಯಿಂದ ಬಿಚ್ಚಿಸಿದರೆ ಸೀಲ್ ಒಡೆದಿದೆ ಅಂತ ವಾಪಸ್ ಹೋಗುತ್ತಾರೆ.

ಇನ್ವರ್ಟರ್ ಬ್ಯಾಟರಿಯವರಿಗೆ ಇನ್ನೊಂದು ಮಾತು. ಅದರ ವಾರಂಟಿ ಎರಡು ತುಂಡು: ಮೊದಲ ಇಷ್ಟು ತಿಂಗಳು ಪುಕ್ಕಟೆ ಬದಲಿ, ಆಮೇಲಿನ ತಿಂಗಳುಗಳಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಬಿಲ್ ಇಲ್ಲದಿದ್ದರೆ ಬಹುತೇಕ ತಯಾರಾದ ತಿಂಗಳಿನಿಂದ ಎಣಿಸುತ್ತಾರೆ. ಅಂಗಡಿಯ ಮೂಲೆಯಲ್ಲಿ ಆರು ತಿಂಗಳು ಕೂತ ಬ್ಯಾಟರಿಯಾದರೆ ಆ ಆರು ತಿಂಗಳು ನಿಮ್ಮ ಲೆಕ್ಕಕ್ಕೇ. ಪುಕ್ಕಟೆ ಬದಲಿಸಿ ಕೊಟ್ಟರು ಅನ್ನಿ, ವಾರಂಟಿ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ, ಉಳಿದ ತಿಂಗಳಷ್ಟೇ ಮುಂದುವರಿಯುತ್ತದೆ. ಆದರೆ ಹೊಸ ಬ್ಯಾಟರಿಯ ಸೀರಿಯಲ್ ನಂಬರ್ ಬೇರೆ, ನಿಮ್ಮ ಹಳೆಯ ಬಿಲ್ಲಿಗೆ ತಾಳೆಯಾಗುವುದಿಲ್ಲ. ಬದಲಿಸಿದ ದಿನವೇ ಹೊಸ ನಂಬರನ್ನು ಹಳೆಯ ಕಾರ್ಡಿನ ಮೇಲೆ ಬರೆಸಿ, ಠಸ್ಸೆ ಹಾಕಿಸಿ, ಬದಲಿ ಚೀಟಿಯನ್ನು ಅದೇ ಬಿಲ್ಲಿಗೆ ಪಿನ್ ಮಾಡಿ ಇಡಿ.