ಕುಂಜುಮ್ ಪಾಸು ಮತ್ತು 208 ಲೀಟರ್ ಡಿಕ್ಕಿ

ಒಂಟೆ ಇಲ್ಲದ ಜಾಗವನ್ನು ಮರುಭೂಮಿ ಅಂತ ಒಪ್ಪಲು ನಮ್ಮ ಮನೆಯಲ್ಲಿ ಯಾರೂ ತಯಾರಿರಲಿಲ್ಲ.

ನಮ್ಮ ಗಾಡಿಯಲ್ಲೇ ಹೋಗಿಬರೋಣ ಅಂತ ನಾನು ಆಸೆಪಟ್ಟಿದ್ದ ಹಿಮಾಚಲದ ಸ್ಪಿತಿ ಕಣಿವೆಯ ಫೋಟೋಗಳನ್ನು ಟಿವಿಗೆ ಹಾಕಿ ಒಂದೊಂದಾಗಿ ತೋರಿಸಿದೆ. ಬೋಳು ಬೆಟ್ಟ, ಬೂದು ಮಣ್ಣು, ಕೆಳಗೆ ಸಣ್ಣಗೆ ಹರಿಯುವ ನದಿ. ಮುಂಗಾರಿನ ಮೋಡಗಳು ಈಚೆಗಿನ ಬೆಟ್ಟಸಾಲಿಗೆ ಬಡಿದು ಅಲ್ಲೇ ಸುರಿದುಬಿಡುತ್ತವೆ, ಆಚೆಗೆ ದಾಟುವ ಮಳೆ ತೀರಾ ಕಮ್ಮಿ, ಅದಕ್ಕೇ ಇದನ್ನು ಶೀತ ಮರುಭೂಮಿ ಅನ್ನುತ್ತಾರೆ ಅಂತ ವಿವರಿಸಿದೆ. ಎಲ್ಲ ಕೇಳಿಸಿಕೊಂಡ ಮಗ, "ಒಂಟೆ ಎಲ್ಲಿ?" ಅಂದ.

"ಇಲ್ಲಿ ಯಾಕ್ ಇರುತ್ತೆ ಕಣೋ."

"ಹಾಗಾದ್ರೆ ಇದು ಮರುಭೂಮಿ ಅಲ್ಲ."

ಅಮ್ಮ ಯಾವತ್ತೂ ಮೊಮ್ಮಗನ ಪಾರ್ಟಿ. "ಮರಳಿಲ್ಲ, ಒಂಟೆ ಇಲ್ಲ, ಮೇಲಿಂದ ಚಳಿ. ಆ ಜೈಸಲ್ಮೇರ್‌ಗಾದ್ರೂ ಹೋಗಿ" ಅಂದರು. ಜೈಸಲ್ಮೇರ್‌ನಲ್ಲಿ ಬೆಟ್ಟ ಇಲ್ಲ, ನನಗೆ ಎರಡೂ ಒಂದೇ ದಾರಿಯಲ್ಲಿ ಬೇಕು ಅಂದೆ. ಬೆಟ್ಟ ಬೇಕಾದರೆ ಚಾಮುಂಡಿ ಬೆಟ್ಟ ಇದೆಯಲ್ಲ ಅಂದರು. ಈ ವಾದದಲ್ಲಿ ಗೆದ್ದವರು ಇಲ್ಲ.

ನಮ್ಮದು ಮಾರುತಿಯ ಜಿಮ್ನಿ, ಜೀಪಿನಂಥ ಪುಟ್ಟ ಗಾಡಿ. ಷೋರೂಂನಿಂದ ಬಂದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ನಾನು ಸೇರಿಸಿದ್ದು ಅಂದರೆ ಒಂದು ಪುಟ್ಟ ಗಣೇಶ, ಅಷ್ಟೇ. ಗೇರ್ ಪಕ್ಕ ಇನ್ನೊಂದು ಸಣ್ಣ ಗೇರ್ ಇರುವುದನ್ನು ನೋಡಿದವರೆಲ್ಲ ಅದೇನು ಅಂತ ಕೇಳುತ್ತಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರ್ ಅನ್ನುತ್ತೇನೆ. ಯಾವಾಗ ಹಾಕ್ತೀರಾ ಅನ್ನುತ್ತಾರೆ. ಮಾತು ಬದಲಾಯಿಸುತ್ತೇನೆ. ಬೆಂಗಳೂರಿನ ರಸ್ತೆಗುಂಡಿಗಳಿಗೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಜಾಗ, ಸಾಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಗ್ಯಾರಂಟಿ ಕೊಡಲಾರೆ.

ಸುದ್ದಿ ಕೇಳಿ ಮೊದಲು ಓಡಿ ಬಂದವನು ನನ್ನ ಭಾವಮೈದ. ಅವನ ಹತ್ತಿರ ಇರುವುದು ಸ್ಕೂಟರ್. ಆದರೆ ಅವನು ನೋಡುವುದೆಲ್ಲ ಆಫ್‌ರೋಡ್ ವಿಡಿಯೋಗಳು. ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಟೈರ್‌ಗೆ ಕಾಲಲ್ಲಿ ಒದ್ದು, "ಭಾವ, ಸ್ಟಾಕ್ ಗಾಡೀಲಿ ಸ್ಪಿತಿಗಾ?" ಅಂದ. ಆ ಧ್ವನಿಯಲ್ಲಿ ಮರುಕ ಇತ್ತು.

ಅವನ ಲೆಕ್ಕದ ಪ್ರಕಾರ ಗಾಡಿಯನ್ನು ಎರಡು ಇಂಚು ಎತ್ತಬೇಕು. ದಪ್ಪ ಟೈರ್ ಬೇಕು. ಮುಂದೆ ಕಬ್ಬಿಣದ ಬಂಪರ್, ಅದರೊಳಗೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಲ್ಲಿ ಎಳೆಯುವ ವಿಂಚ್, ಪಕ್ಕದಲ್ಲಿ ನೀರಿಗಿಳಿದಾಗ ಇಂಜಿನ್ನಿಗೆ ಮೇಲಿಂದ ಗಾಳಿ ಕೊಡುವ ಕೊಳವೆ ಸ್ನಾರ್ಕೆಲ್, ಮೇಲೆ ಟೆಂಟು. ಎಲ್ಲ ಸೇರಿಸಿದರೆ ಇನ್ನೊಂದು ಗಾಡಿ ಬರುತ್ತಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನನ್ನನ್ನು ಕಾಪಾಡಿತು. ನೋಂದಣಿ ಪುಸ್ತಕದ ವಿವರ ಮೂಲ ತಯಾರಿಕೆಗಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಮುಂದಿನ ಕಬ್ಬಿಣದ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಇದನ್ನೆಲ್ಲ ಓದಿ ಹೇಳಿದೆ. ಭಾವಮೈದ ಕಾನೂನಿಗೆ ಬಗ್ಗುವವನಲ್ಲ. ಅವನನ್ನು ಬಗ್ಗಿಸಿದ್ದು ಬಸ್ಸು.

ಆಗಿದ್ದಿಷ್ಟು. ದಾರಿ ಎಷ್ಟು ಭಯಂಕರ ಅಂತ ನನಗೆ ಮನವರಿಕೆ ಮಾಡಿಸಲು ಅವನೇ ಒಂದು ವಿಡಿಯೋ ಹಾಕಿದ. ಆರಡಿ ಎತ್ತರದ ಟೈರಿನ ಮೇಲೆ ನಿಂತಂತಿದ್ದ ಒಂದು ಗಾಡಿ ತೊರೆಯೊಂದರ ಮುಂದೆ ನಿಂತಿದೆ. ಡ್ರೈವರ್ ಕೆಳಗಿಳಿದು ನೀರಿನ ಆಳ ನೋಡುತ್ತಿದ್ದಾನೆ. ಹಿನ್ನೆಲೆಯಲ್ಲಿ ಗಂಭೀರ ಸಂಗೀತ. ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಹಿಮಾಚಲದ ಸರ್ಕಾರಿ ಬಸ್ಸು. ಮೇಲೆ ಆಲೂಗಡ್ಡೆ ಮೂಟೆ, ಒಳಗೆ ತುಂಬಿದ ಜನ, ಕಿಟಕಿಗೆ ತಲೆಕೊಟ್ಟು ಮಲಗಿದ ಒಬ್ಬ ಅಜ್ಜಿ. ಬಸ್ಸು ಪಕ್ಕಕ್ಕೆ ಬಂದು, ಗಡಗಡ ಅಂತ ನೀರಿಗಿಳಿದು, ಆಚೆ ಹತ್ತಿ ಹೋಗೇಬಿಟ್ಟಿತು. ಅಜ್ಜಿಗೆ ಎಚ್ಚರವೇ ಆಗಲಿಲ್ಲ. ಅದರ ಹಿಂದೆ ಒಂದು ಹಳೇ ಆಲ್ಟೊ ಕೂಡ ಹೋಯಿತು.

ಭಾವಮೈದ ವಿಡಿಯೋ ನಿಲ್ಲಿಸಿ, "ಅವರು ಲೋಕಲ್ಸ್, ಭಾವ" ಅಂದ.

ಆದರೂ ಪ್ರಾಕ್ಟೀಸ್ ಬೇಕು ಅಂತ ಹಟ ಹಿಡಿದು ಕೀ ಇಸಿದುಕೊಂಡ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲೇ ಸಣ್ಣ ಗೇರ್ ಎಳೆದು ಫೋರ್ ವೀಲ್‌ಗೆ ಹಾಕಿದ. ಈ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್, ಅಂದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗಂಟು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಮಣ್ಣು, ಮರಳು, ಹಿಮದಲ್ಲಾದರೆ ಚಕ್ರ ಜಾರಿ ಅಡ್ಜಸ್ಟ್ ಮಾಡಿಕೊಳ್ಳುತ್ತದೆ. ಒಣ ಕಾಂಕ್ರೀಟಿನಲ್ಲಿ ಜಾರಲು ಜಾಗವಿಲ್ಲ. ಕಂಬದ ಹತ್ತಿರ ಪೂರ್ತಿ ಸ್ಟೀರಿಂಗ್ ತಿರುಗಿಸಿದ್ದೇ ಗಾಡಿ ಕೀಚ್ ಕೀಚ್ ಅಂತ ಕುಪ್ಪಳಿಸತೊಡಗಿತು. ಮೂರನೇ ಮಹಡಿಯವರು ಇಣುಕಿದರು. ವಾಚ್‌ಮನ್ ಟಾರ್ಚ್ ಹಿಡಿದು ಓಡಿ ಬಂದು, "ಸಾರ್, ಗಾಡಿ ಕುಂಟ್ತಾ ಇದೆ" ಅಂದ.

"ಇದು ಟೆಕ್ನಿಕಲ್ಲು" ಅಂದ ಭಾವಮೈದ, ಬೆವರು ಒರೆಸಿಕೊಂಡು.

ಮರಳಿನಲ್ಲಿ ಸಿಕ್ಕಿದರೆ ಚಕ್ರದ ಕೆಳಗೆ ಕೊಡುವ ಕಿತ್ತಳೆ ಬಣ್ಣದ ಎರಡು ಪ್ಲಾಸ್ಟಿಕ್ ಹಲಗೆಗಳನ್ನು ಮಾತ್ರ ಅವನು ಅಷ್ಟರಲ್ಲಿ ತರಿಸಿಬಿಟ್ಟಿದ್ದ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಸದ್ಯಕ್ಕೆ ಅವು ತಾರಸಿಯಲ್ಲಿವೆ. ಅಮ್ಮ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಡುತ್ತಿದ್ದಾರೆ. ಗಾಳಿ ಕೆಳಗಿನಿಂದಲೂ ಆಡುತ್ತದೆ, ಬೇಗ ಒಣಗುತ್ತದೆ ಅಂತ ಪಕ್ಕದ ಮನೆಯವರಿಗೂ ಶಿಫಾರಸು ಮಾಡಿದ್ದಾರೆ.

ಇನ್ನು ಯಾರ್‍ಯಾರು ಹೋಗುವುದು? ಜೀಪಿನಂಥ ಗಾಡಿ ಅಂದಮೇಲೆ ಹತ್ತು ಜನ ಹಿಡಿಸುತ್ತಾರೆ ಅನ್ನುವುದು ನಮ್ಮ ನೆಂಟರ ನಂಬಿಕೆ. ಐದು ಬಾಗಿಲಿನ ಈ ಜಿಮ್ನಿಗೆ ಸೀಟು ನಾಲ್ಕೇ. ನಾನು, ನನ್ನ ಹೆಂಡತಿ, ಮಗ. ನಾಲ್ಕನೆಯದಕ್ಕೆ ಭಾವಮೈದ ಕರ್ಚೀಫ್ ಹಾಕಿ ಇಟ್ಟಿದ್ದ. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂತವರು ಅವರಪ್ಪ, ಅಂದರೆ ನನ್ನ ಮಾವ.

ಮಾವ ನಿವೃತ್ತ ಪೋಸ್ಟ್‌ಮಾಸ್ಟರ್. ಊಟಿಗೆ ಕರೆದರೂ "ಚಳಿ" ಅನ್ನುವವರು. ಆದರೆ ಸ್ಪಿತಿಯ ಮುಖ್ಯ ಊರಾದ ಕಾಜಾ ಹತ್ತಿರ ಹಿಕ್ಕಿಂ ಅಂತ ಹಳ್ಳಿ ಇದೆ, ಸುಮಾರು 4,400 ಮೀಟರ್ ಎತ್ತರದಲ್ಲಿ, ಅಲ್ಲಿ 1983ರಿಂದ ಒಂದು ಪೋಸ್ಟ್ ಆಫೀಸು ನಡೆಯುತ್ತಿದೆ ಅಂತ ನಾನು ಬಾಯಿಬಿಟ್ಟೆ. ಮಾವ ಕನ್ನಡಕ ಸರಿಮಾಡಿಕೊಂಡರು.

"ಅಳಿಯಂದ್ರೇ, ಅಲ್ಲಿಂದ ಬ್ಯಾಗ್ ಕೆಳಗೆ ಹೇಗೆ ಇಳಿಯುತ್ತೆ?"

"ಕಾಜಾವರೆಗೆ ರನ್ನರ್ ಹೊತ್ತುಕೊಂಡು ನಡೆದುಹೋಗ್ತಾರಂತೆ ಮಾವ."

"ನಡೆದು!" ಅಂದರು. ಆಮೇಲೆ ಅವರು ಬರುವುದಿಲ್ಲ ಅನ್ನುವ ಪ್ರಶ್ನೆಯೇ ಇರಲಿಲ್ಲ. ಡಾಕ್ಟರು ಎದೆ, ರಕ್ತದೊತ್ತಡ ಎಲ್ಲ ನೋಡಿ, ಹೋಗಿಬನ್ನಿ, ಆದರೆ ಒಂದೇ ಸಲಕ್ಕೆ ಎತ್ತರಕ್ಕೆ ಏರಬೇಡಿ ಅಂದರು. ಇದರಿಂದ ದಾರಿಯ ಜಗಳವೂ ಬಗೆಹರಿಯಿತು. ಮನಾಲಿ ಕಡೆಯಿಂದ ಹೋದರೆ ಒಂದೇ ದಿನದಲ್ಲಿ 2,000 ಮೀಟರ್ ಆಸುಪಾಸಿನಿಂದ, ಸ್ಪಿತಿಗೆ ಬೆಟ್ಟ ದಾಟಿಸುವ ಕುಂಜುಮ್ ಪಾಸಿನ 4,500ಕ್ಕೆ ಏರಬೇಕು. ಶಿಮ್ಲಾ ಕಡೆಯಿಂದ ನಾರ್ಕಂಡ, ಕಲ್ಪಾ, ನಾಕೋ, ತಾಬೋ ಅಂತ ಮಲಗಿ ಎದ್ದು ಹೋದರೆ ಮೈ ಒಗ್ಗಿಕೊಳ್ಳುತ್ತದೆ. ಹೋಗುವಾಗ ಶಿಮ್ಲಾ, ಬರುವಾಗ ಮನಾಲಿ. ವಾಪಸ್ ಬರುವಾಗ ತೊರೆಗಳನ್ನು ಬೆಳಿಗ್ಗೆ ಬೇಗ ದಾಟಬೇಕು. ಬಿಸಿಲೇರಿದ ಹಾಗೆ ಮೇಲೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ನೀರು ಜಾಸ್ತಿಯಾಗುತ್ತದೆ. ಬೆಳಿಗ್ಗೆ ಬೇಗ ಅಂದಾಗ ಎಲ್ಲರೂ ನನ್ನ ಹೆಂಡತಿಯ ಕಡೆ ನೋಡಿದರು. "ನನ್ನನ್ನೇನ್ರೀ ನೋಡ್ತೀರಾ? ಬಾತ್‌ರೂಮಿನಲ್ಲಿ ಪೇಪರ್ ಓದೋದು ನೀವು" ಅಂದಳು.

ಪೆಟ್ರೋಲ್ ಲೆಕ್ಕ ಸಲೀಸು. ಟ್ಯಾಂಕು 40 ಲೀಟರ್. ಬೆಟ್ಟದಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಅಂತ ಹಿಡಿದರೂ ನಾನೂರೈವತ್ತರ ಮೇಲೆ ಹೋಗುತ್ತದೆ. ಕಲ್ಪಾ ಪಕ್ಕದ ರೆಕಾಂಗ್ ಪಿಯೋ ಹತ್ತಿರ ತುಂಬಿಸಿದರೆ ಕಾಜಾ ಬಂಕಿಗೆ ಸುಮಾರು ಇನ್ನೂರು. ಅಲ್ಲಿ ತುಂಬಿಸಿದರೆ ಮನಾಲಿಗೂ ಹೆಚ್ಚುಕಡಿಮೆ ಅಷ್ಟೇ. ಕ್ಯಾನು ಹೊರುವ ಅಗತ್ಯವಿಲ್ಲ. ಒಂದೇ ಬೇಜಾರು ಇಂಜಿನ್ನಿನದು. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಅದಕ್ಕಿಲ್ಲ. ಕುಂಜುಮ್ ಮೇಲೆ ಗಾಳಿ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತಲೂ ತೆಳು. ಷೋರೂಂನವರು ಹೇಳಿದ 105 ಕುದುರೆಗಳಲ್ಲಿ ಮೂವತ್ತೈದಾದರೂ ಅಲ್ಲಿ ರಜೆ ಹಾಕುತ್ತವೆ.

ಗಾಳಿ ತೆಳು ಅಂದದ್ದು ಅಮ್ಮನ ಕಿವಿಗೆ ಬಿತ್ತು. "ಹಾಗಾದ್ರೆ ಅನ್ನ ಹೇಗೆ ಬೇಯುತ್ತೆ?" ಪ್ರಶ್ನೆ ಸರಿಯಾದದ್ದೇ. ಕಾಜಾದಲ್ಲಿ ನೀರು ಎಂಬತ್ತೆಂಟು ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಅಕ್ಕಿ ಬೇಯಲು ಬಹಳ ಹೊತ್ತು ಬೇಕು. ಅಮ್ಮ ಎದ್ದು ಹೋಗಿ ಮೂರು ಲೀಟರ್ ಕುಕ್ಕರ್ ತಂದು ಮುಂದಿಟ್ಟರು. ಅಲ್ಲಿನ ಹೋಂಸ್ಟೇಗಳಲ್ಲಿ ಅನ್ನ, ರಾಜ್ಮಾ, ತುಕ್ಪಾ ಎಲ್ಲ ಸಿಗುತ್ತೆ, ಅವರ ಮನೆಯಲ್ಲೂ ಕುಕ್ಕರ್ ಇರುತ್ತೆ ಅಂದಳು ನನ್ನ ಹೆಂಡತಿ. "ಅವರ ಕುಕ್ಕರ್‌ನಲ್ಲಿ ಬೀಗರಿಗೆ ಮೆತ್ತಗೆ ಅನ್ನ ಯಾರು ಮಾಡಿಕೊಡ್ತಾರೆ?" ಬೀಗರು ಇದಕ್ಕೆ ತಲೆಯಾಡಿಸಿದರು. ಕುಕ್ಕರ್ ಪಾಸಾಯಿತು.

ಅಮ್ಮ ಸುಮ್ಮನಿರದಿದ್ದ ಇನ್ನೊಂದು ವಿಷಯ ಗ್ಯೂ. ತಾಬೋಗೆ ಮುಂಚೆ ಸಿಗುವ ಹಳ್ಳಿ. ಸುಮಾರು ಐನೂರು ವರ್ಷ ಹಳೆಯ ಬೌದ್ಧ ಭಿಕ್ಷುವೊಬ್ಬರ ದೇಹ, ಕೂತ ಭಂಗಿಯಲ್ಲೇ, ಹಲ್ಲು ಕೂದಲು ಸಮೇತ ಉಳಿದಿದೆ. ಒಣ ಹವೆ, ಚಳಿ ಎರಡೂ ಸೇರಿ ಕಾಪಾಡಿವೆ. ಮಗ ಇದಕ್ಕಾಗಿ ಒಂಟೆಯನ್ನು ಬಿಟ್ಟುಕೊಡಲು ಒಪ್ಪಿದ್ದ.

"ಹೆಣ ನೋಡಿ ಬಂದು ಸ್ನಾನ ಎಲ್ಲಿ ಮಾಡ್ತೀರೋ? ಆ ಚಳೀಲಿ?"

"ಅಜ್ಜಿ, ಐನೂರು ವರ್ಷ ಆಗಿದೆ. ಇನ್ನೂ ಮೈಲಿಗೆನಾ?"

ಅಮ್ಮ ಸ್ವಲ್ಪ ಯೋಚಿಸಿ, ಪುರೋಹಿತರನ್ನು ಕೇಳ್ತೀನಿ ಅಂದರು. ಪುರೋಹಿತರು ಇನ್ನೂ ಫೋನ್ ಎತ್ತಿಲ್ಲ.

ತಾರೀಖು ಗೊತ್ತುಮಾಡುವುದು ದಾರಿಗಿಂತ ಕಷ್ಟವಾಯಿತು. ಒಂದು ಕೈಯಲ್ಲಿ ಕುಂಜುಮ್ ಹಿಮದ ಲೆಕ್ಕ, ಇನ್ನೊಂದು ಕೈಯಲ್ಲಿ ಪಂಚಾಂಗ. ಪಾಸು ತೆರೆಯುವುದು ಮೇ ಕೊನೆ ಇಲ್ಲ ಜೂನ್. ಆಗಷ್ಟೇ ಶಾಲೆ ಶುರು, ಮೊದಲ ವಾರವೇ ರಜೆ ಕೇಳಲು ಮುಖವಿಲ್ಲ. ಜುಲೈ ಆಗಸ್ಟ್‌ನಲ್ಲಿ ಸ್ಪಿತಿಯಲ್ಲಿ ಮಳೆ ಇಲ್ಲದಿದ್ದರೂ ಅಲ್ಲಿಗೆ ಹೋಗುವ ದಾರಿಯಲ್ಲಿ ಇದೆ, ಗುಡ್ಡ ಕುಸಿಯುತ್ತದೆ. ಮೇಲಾಗಿ ಆಷಾಢ, ಆಮೇಲೆ ವರಮಹಾಲಕ್ಷ್ಮಿ. ನವರಾತ್ರಿಗೆ ಬೊಂಬೆ ಕೂರಿಸಬೇಕು. ಅದು ಮುಗಿಯುವ ಹೊತ್ತಿಗೆ ಮೇಲೆ ಮತ್ತೆ ಹಿಮ ಬೀಳುವ ಭಯ. ಉಳಿದದ್ದು ಗಣೇಶನನ್ನು ನೀರಿಗೆ ಬಿಟ್ಟ ಮಾರನೇ ದಿನದಿಂದ ಮಹಾಲಯ ಅಮಾವಾಸ್ಯೆಯ ತನಕ. ಸ್ಪಿತಿಗೆ ಸೆಪ್ಟೆಂಬರ್ ಒಳ್ಳೆಯ ಕಾಲವೇ. ಆದರೆ ನಡುವೆ ಪಿತೃಪಕ್ಷ ಬರುತ್ತದಲ್ಲ ಅಂತ ನಾನೇ ಹೆದರುತ್ತಾ ಕೇಳಿದೆ.

"ಪಕ್ಷದಲ್ಲಿ ಶುಭಕಾರ್ಯ ಮಾಡಬಾರದು. ನೀವು ಹೋಗೋದು ಹೆಣ ನೋಡೋಕೆ ತಾನೇ, ಹೋಗಿ" ಅಂದರು ಅಮ್ಮ.

ಬೆಂಗಳೂರಿಂದ ಶಿಮ್ಲಾಕ್ಕೆ ಎರಡೂವರೆ ಸಾವಿರ ಕಿಲೋಮೀಟರ್. ಗಾಡಿಯನ್ನು ಲಾರಿ ಮೇಲೆ ಕಳಿಸಿ ನಾವು ವಿಮಾನದಲ್ಲಿ ಹೋಗೋಣವಾ ಅಂತ ಒಂದು ಮಾತು ಬಂತು. ಲಾರಿ ಬಾಡಿಗೆ ಕೇಳಿದ ಮೇಲೆ ಮತ್ತೆ ಬರಲಿಲ್ಲ.

ಕೊನೆಗೆ ಸಾಮಾನು. ಹಿಂದಿನ ಸೀಟು ಮಡಚದಿದ್ದರೆ ಈ ಗಾಡಿಯ ಡಿಕ್ಕಿ 208 ಲೀಟರ್. ಕಾಗದದ ಮೇಲೆ ಓದಿದಾಗ ನೀರಿನ ಡ್ರಮ್ಮಿನಷ್ಟು ದೊಡ್ಡದು ಅನ್ನಿಸಿತ್ತು. ಭಾನುವಾರ ಪ್ಯಾಕಿಂಗ್ ರಿಹರ್ಸಲ್ ಇಟ್ಟುಕೊಂಡೆವು. ಮೊದಲಿಗೆ ಬಾಗಿಲೇ ತೆರೆಯಲಿಲ್ಲ. ಇದರ ಹಿಂಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು, ಮೇಲೆ ಪೂರ್ತಿ ಗಾತ್ರದ ಸ್ಟೆಪ್ನಿ ಬೇರೆ ಕೂತಿದೆ. ಹಿಂದೆ ಕಂಬ. ಗಾಡಿಯನ್ನು ಮುಂದಕ್ಕೆ ತಂದು, ಪಕ್ಕದವರ ಕಾರಿಗೆ ಅಡ್ಡ ನಿಲ್ಲಿಸಿ, ಬಾಗಿಲು ತೆರೆದೆವು. ಕುಕ್ಕರ್ ಹೋಯಿತು. ಅದರೊಳಗೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ಹೋದವು. ಟೈರಿಗೆ ಗಾಳಿ ತುಂಬುವ ಮೆಷಿನ್ನು, ಪಂಕ್ಚರ್ ಕಿಟ್ಟು ಹೋದವು. ನನ್ನ ಹೆಂಡತಿ ಎರಡು ಬ್ಯಾಗುಗಳನ್ನು ಮಂಡಿಕೊಟ್ಟು ಒತ್ತಿದಳು. ಡಿಕ್ಕಿ ಮುಗಿಯಿತು. ಆಗ ಲಿಫ್ಟಿನಿಂದ ಮಾವನ ಹೋಲ್ಡಾಲ್ ಇಳಿಯಿತು.

ಈಗಿನವರಿಗೆ ಹೋಲ್ಡಾಲ್ ಗೊತ್ತಿರಲಿಕ್ಕಿಲ್ಲ. ದಪ್ಪ ಕ್ಯಾನ್ವಾಸು, ಚರ್ಮದ ಬೆಲ್ಟು, ಸುತ್ತಿದರೆ ಎಂಟು ವರ್ಷದ ಹುಡುಗನಷ್ಟು ಉದ್ದ. ಒಳಗೆ ಹಾಸಿಗೆ, ರಗ್ಗು, ಮೂರು ಸ್ವೆಟರು, ಎರಡು ಮಂಕಿ ಕ್ಯಾಪು. ಅದನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಗೆ ಇಟ್ಟು ನೋಡಿದೆವು. ಭಾವಮೈದ ದೂರ ನಿಂತು, "ರೂಫ್ ಕ್ಯಾರಿಯರ್ ಹಾಕಿಸಿ ಅಂದಾಗ ಕೇಳಲಿಲ್ಲ" ಅಂದ. ಮೇಲಿನ ಬಾಲ್ಕನಿಯಿಂದ ಒಬ್ಬ ಅಂಕಲ್, ಮನೆ ಖಾಲಿ ಮಾಡ್ತಿದ್ದೀರಾ ಅಂತ ವಿಚಾರಿಸಿದರು. ಕೊನೆಗೆ ಮಾವನೇ ದಾರಿ ತೋರಿಸಿದರು. ಸ್ವೆಟರುಗಳನ್ನು ಬೆಂಗಳೂರಿಂದಲೇ ಮೈಮೇಲೆ ಹಾಕಿಕೊಂಡು ಬರುತ್ತಾರಂತೆ. ನಾಗ್ಪುರದ ಮೇಲೆ ಹೋಗಬೇಕು ಮಾವ ಅಂತ ನೆನಪಿಸಿದೆ.

ಹೋಲ್ಡಾಲ್ ವಿಷಯ ಇನ್ನೂ ಮಾತುಕತೆಯಲ್ಲಿದೆ. ಆದರೆ ಮಾವ ತಮ್ಮ ಮಿಕ್ಕ ತಯಾರಿಯನ್ನೆಲ್ಲ ಮುಗಿಸಿದ್ದಾರೆ. ಹಿಕ್ಕಿಂನಲ್ಲಿ ಚಳಿಗೆ ಕೈ ನಡುಗುತ್ತೆ, ಅಕ್ಷರ ಕೆಡುತ್ತೆ ಅಂತ ಅಲ್ಲಿಂದ ಹಾಕಬೇಕಾದ ಪೋಸ್ಟ್ ಕಾರ್ಡುಗಳನ್ನು ಈಗಲೇ ಬರೆದಿಟ್ಟಿದ್ದಾರೆ. ಹಳೇ ಸಹೋದ್ಯೋಗಿಗಳಿಗೆ, ತಂಗಿಗೆ, ಮಗನಿಗೆ, ನಮ್ಮ ಅಮ್ಮನಿಗೆ. ತಾರೀಖಿಗೆ ಮಾತ್ರ ಜಾಗ ಬಿಟ್ಟಿದ್ದಾರೆ. ಅಮ್ಮನ ಕಾರ್ಡನ್ನು ನನಗೆ ಓದಲು ಕೊಟ್ಟರು: "ಕ್ಷೇಮ. ದಾರಿ ಚೆನ್ನಾಗಿತ್ತು. ಬೆಟ್ಟಗಳು ಬಹಳ ಎತ್ತರ. ಅನ್ನ ಮೆತ್ತಗೆ ಆಯಿತು. ಅಳಿಯಂದಿರು ತೊರೆಯಲ್ಲಿ ಸ್ವಲ್ಪ ಗಾಬರಿಯಾದರು."