ಇಲ್ಲಿ ನೋಡು ಪುಟ್ಟಿ

ಸಂಕ್ರಾಂತಿ ಸಂಜೆ. ಮೈಸೂರಿನ ತಂಗಿ ಮನೆಯಲ್ಲಿ ಮಣೆ ಹಾಕಿ ಅವಳ ಮೂರು ವರ್ಷದ ಮಗಳನ್ನು ಕೂರಿಸಿದ್ದರು. ಕರಿ ಎರೆಯುವ ಶಾಸ್ತ್ರ. ಸೇರಿನ ತುಂಬ ಎಲಚಿ ಹಣ್ಣು, ಸಣ್ಣಗೆ ಹೆಚ್ಚಿದ ಕಬ್ಬು, ಚಿಲ್ಲರೆ ಕಾಸು, ಒಂದಿಷ್ಟು ಹೂವಿನ ಎಸಳು. ಪುಟ್ಟ ಮಕ್ಕಳ ತಲೆ ಮೇಲೆ ಇದನ್ನು ಸುರಿದು ಆರತಿ ಎತ್ತಿದರೆ ದೃಷ್ಟಿ ಕಳೆಯುತ್ತದೆ ಅಂತ ನಂಬಿಕೆ. ಸುರಿದ ಕೂಡಲೇ ಸುತ್ತ ನಿಂತ ಮಕ್ಕಳೆಲ್ಲ ಕಾಸಿಗೆ ಮುಗಿಬೀಳುತ್ತಾರೆ. ಎಲ್ಲ ಸೇರಿ ಹತ್ತು ಸೆಕೆಂಡಿನ ಗದ್ದಲ.

ಆ ಹತ್ತು ಸೆಕೆಂಡಿಗಾಗಿ ಹನ್ನೊಂದು ಫೋನು ಕಾಯುತ್ತಿದ್ದವು. "ಪುಟ್ಟೀ, ಇಲ್ಲಿ ನೋಡು" ಅಂದರು ಅವಳ ಅತ್ತೆ. "ಚಿನ್ನಾ, ಈ ಕಡೆ" ಅಂದರು ದೊಡ್ಡಮ್ಮ. ಒಬ್ಬರು ಚಿಟಿಕೆ ಹೊಡೆದರು, ಇನ್ನೊಬ್ಬರು ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಪುಟ್ಟಿ ಎಲ್ಲರನ್ನೂ ಒಂದು ಸುತ್ತು ನೋಡಿ, ಕೊನೆಗೆ ತಲೆಯೆತ್ತಿ ಫ್ಯಾನ್ ನೋಡುತ್ತಾ ಕೂತಳು. ತನ್ನನ್ನು ಕರೆಯದೆ ಇದ್ದದ್ದು ಅದೊಂದೇ.

ಫೋನು ಎತ್ತಿದ ತಕ್ಷಣ ಮಗುವಿನ ಮುಖ ಬದಲಾಗಿಬಿಡುತ್ತದೆ, ಗಮನಿಸಿದ್ದೀರಾ? "ಸ್ಮೈಲ್" ಅನ್ನುವುದು ನಾವೇ ಕಲಿಸಿದ ಪಾಠ. ಕಣ್ಣು ಮುಚ್ಚುವಷ್ಟು ಬಿಗಿಯಾಗಿ ಹಲ್ಲು ಕಿರಿಯುತ್ತಾರೆ, ಎರಡು ಬೆರಳು ಎತ್ತುತ್ತಾರೆ. ಕ್ಲಿಕ್ ಆದ ಮರುಕ್ಷಣ ನಗು ಆರಿಹೋಗುತ್ತದೆ, ಓಡಿ ಬಂದು "ತೋರ್ಸು" ಅನ್ನುತ್ತಾರೆ. ನನ್ನ ಫೋನಿನಲ್ಲಿ ಪುಟ್ಟಿಯ ಗಣೇಶನ ಹಬ್ಬ, ದಸರಾ, ದೀಪಾವಳಿ ಮೂರೂ ಇವೆ. ಬಟ್ಟೆ ಬೇರೆ ಬೇರೆ, ಮುಖ ಒಂದೇ.

ಕಾಡುಪ್ರಾಣಿಗಳ ಫೋಟೋ ತೆಗೆಯುವವರ ಮೇಲೆ ನನಗೆ ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಇದ್ದರು, ಸಂಡೂರಿನ ಎಂ.ವೈ. ಘೋರ್ಪಡೆಯವರಂತೂ ರಾಜ್ಯದ ಹಣಕಾಸು ಮಂತ್ರಿಯಾಗಿದ್ದೂ ಕಾಡಿನ ಫೋಟೋಗಳಿಂದ ಹೆಸರಾದವರು. ಕಷ್ಟದ ಕೆಲಸ, ಒಪ್ಪುತ್ತೇನೆ. ಆದರೆ ಕಾಡಿನಲ್ಲಿ ಮರೆ ಕಟ್ಟಿಕೊಂಡು ಕೂರಬಹುದು. ಹಬ್ಬದ ಮನೆಯಲ್ಲಿ ಮರೆ ಎಲ್ಲಿಂದ ತರೋದು? ಸುಮ್ನೆ ಮೂಲೆಯಲ್ಲಿ ಕೂತರೆ "ಏನೋ, ಹುಷಾರಿಲ್ವಾ?" ಅಂತ ಕಾಫಿ ಬರುತ್ತದೆ. ಮೇಲಾಗಿ ಹುಲಿ ಯಾವತ್ತೂ "ತೋರ್ಸು" ಅಂತ ಓಡಿ ಬರುವುದಿಲ್ಲ.

ನಾನು ಕಂಡುಕೊಂಡ ಮರೆ ಅಂದರೆ ಅವರೆಕಾಯಿ ಸುಲಿಯುವುದು. ಚಾಪೆ ಮೇಲೆ ಕೂತು ಕಾಯಿ ಸುಲಿಯುವವನನ್ನು ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೆಲದಲ್ಲಿ ಕೂತರೆ ಇನ್ನೊಂದು ಲಾಭ: ಅವರ ಕಣ್ಣಿನ ಮಟ್ಟಕ್ಕೆ ಬರುತ್ತೇವೆ. ನಿಂತು ತೆಗೆದರೆ ಬರೀ ನೆತ್ತಿ, ಬೈತಲೆ, ಎರಡು ಜುಟ್ಟು. ಕಿಟಕಿಯ ಹತ್ತಿರ ಕೂರಬೇಕು, ಹಗಲಿನ ಬೆಳಕಿದ್ದಾಗಲೇ ಆದಷ್ಟು ಮುಗಿಸಬೇಕು. ಓಡುವ ಮಗು ಫೋಟೋದಲ್ಲಿ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 500ನೇ ಒಂದು ಪಾಲು ಮಾತ್ರ ತೆರೆದರೆ ಒಳ್ಳೆಯದು. ರಾತ್ರಿ ಮಂಕು ಬೆಳಕಿನಲ್ಲಿ ಫೋನು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತೆರೆದಿರುತ್ತದೆ. ಆಮೇಲೆ ನೋಡಿದರೆ ಮಗುವಿಗೆ ಎರಡು ತಲೆ.

ಇಷ್ಟೆಲ್ಲ ತಿಳಿದೂ ಈ ಸಲದ ಒಳ್ಳೆಯ ಫೋಟೋ ಕೈತಪ್ಪಿತು. ಮಧ್ಯಾಹ್ನ ಪುಟ್ಟಿ ಎಳ್ಳಿನ ತಟ್ಟೆಯಿಂದ ಸಕ್ಕರೆ ಅಚ್ಚಿನ ಗಿಳಿ ಎತ್ತಿಕೊಂಡಳು. ಸುತ್ತ ನೋಡಿದಳು. ಗಿಳಿಯ ತಲೆ ಕಟಕ್ಕನೆ ಕಚ್ಚಿದಳು. ಉಳಿದ ಗಿಳಿಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು, ಏನೂ ಆಗದವಳ ಹಾಗೆ ನಡೆದು ಹೋದಳು. ನನ್ನ ಕೈಯೆಲ್ಲ ಅವರೆಕಾಯಿ ಸೊಗಡು. ಕೈ ಒರೆಸಿ ಫೋನು ತೆಗೆಯುವಷ್ಟರಲ್ಲಿ ಕಳ್ಳಿ ನಾಪತ್ತೆ.

ನಮ್ಮ ಕಾಲದಲ್ಲಿ ಹೀಗೆ ಗೊತ್ತಾಗದ ಹಾಗೆ ತೆಗೆಯುವ ಕಳ್ಳಫೋಟೋ ಅನ್ನುವುದೇ ಇರಲಿಲ್ಲ. ದೊಡ್ಡಪ್ಪನ ಕ್ಯಾಮೆರಾದಲ್ಲಿ ಒಂದು ರೋಲಿಗೆ 36 ಫೋಟೋ. ಸಂಕ್ರಾಂತಿಗೆ ಹಾಕಿದ ರೋಲು ಯುಗಾದಿ ದಾಟಿದರೂ ಮುಗಿಯುತ್ತಿರಲಿಲ್ಲ, ಅಷ್ಟು ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು, ಉಸಿರು ಹಿಡಿಯಬೇಕು. ಫ್ಲಾಶ್ ಹೊಡೆದ ಮೇಲೆ ಇಡೀ ವಂಶಕ್ಕೆ ಕೆಂಪು ಕಣ್ಣು. ಅಲ್ಲಿ ಯಾರೂ ಗಿಳಿಯ ತಲೆ ಕಚ್ಚುತ್ತಿಲ್ಲ.

ಆದರೂ ಒಂದು ಫೋಟೋ ಇದೆ. ಹೊಸ ರೋಲು ಹಾಕಿದಾಗ ಬೆಳಕು ಬಿದ್ದ ತುದಿ ದಾಟಿಸಲು ಒಂದೆರಡು ಸಲ ಸುಮ್ನೆ ಕ್ಲಿಕ್ ಮಾಡುತ್ತಿದ್ದರಲ್ಲ, ದೊಡ್ಡಪ್ಪ ಹಾಗೆ ದಂಡಕ್ಕೆ ಕ್ಲಿಕ್ಕಿಸಿದ್ದು. ಲ್ಯಾಬಿನವರು ಅದನ್ನೂ ಪ್ರಿಂಟ್ ಹಾಕಿ ಕೊಟ್ಟರು. ಎಡಗಡೆ ಅರ್ಧ ಸುಟ್ಟು ಕಿತ್ತಳೆ ಬಣ್ಣ. ಬಲಗಡೆ ಅರ್ಧದಲ್ಲಿ ನಾಲ್ಕು ವರ್ಷದ ನಾನು, ಚಡ್ಡಿ ಒಂದು ಕಡೆ ಜಾರಿದೆ, ಕಬ್ಬಿನ ಜಲ್ಲೆ ಹಿಡಿದು ಅಳುತ್ತಿದ್ದೇನೆ. ಯಾಕೆ ಅಳುತ್ತಿದ್ದೆ ಅಂತ ಯಾರಿಗೂ ನೆನಪಿಲ್ಲ. ಆಲ್ಬಮ್ ತೆಗೆದಾಗಲೆಲ್ಲ ಎಲ್ಲರೂ ಆ ಪುಟದಲ್ಲೇ ನಿಂತು ಕಾರಣ ಹುಡುಕುತ್ತಾರೆ.

ಕಳ್ಳಫೋಟೋ ಅಂದಮಾತ್ರಕ್ಕೆ ಎಲ್ಲವನ್ನೂ ತೆಗೆಯಬಾರದು, ಬಿಡಿ. ನರಕ ಚತುರ್ದಶಿಯ ಎಣ್ಣೆಸ್ನಾನದ ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಗುಂಪಿನಲ್ಲಿ ಯಾರು ಯಾರಿದ್ದಾರೆ ಅಂತ ಹಾಕಿದವರಿಗೇ ಗೊತ್ತಿರುವುದಿಲ್ಲ.

ಅಮ್ಮನ ತಕರಾರು ಬೇರೆ. "ಅಷ್ಟೊಂದು ತೆಗೀಬೇಡ್ವೋ, ದೃಷ್ಟಿ ಆಗತ್ತೆ." ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟಿದ್ದೀಯಲ್ಲ ಅಂತ ಫೋಟೋ ತೋರಿಸಿದೆ. ಅದರಲ್ಲಿ ಬೊಟ್ಟು ಇರಲೇ ಇಲ್ಲ! ಫೋನಿನಲ್ಲಿ ಬ್ಯೂಟಿ ಮೋಡ್ ಆನ್ ಆಗಿತ್ತು. ಅದು ಬೊಟ್ಟನ್ನು ಕಲೆ ಅಂದುಕೊಂಡು ನಯವಾಗಿ ಅಳಿಸಿಹಾಕಿತ್ತು. ಅಮ್ಮ ನನ್ನ ಫೋನಿಗೂ ಸೇರಿಸಿ ನಿವಾಳಿಸಿದರು.

ಕೊನೆಗೆ ಸಿಕ್ಕಿದ್ದು ಒಂದೇ ಫೋಟೋ. ಕರಿ ಎರೆದ ಮೇಲೆ ದೊಡ್ಡ ಮಕ್ಕಳು ಕಾಸಿಗೆ ಕಿತ್ತಾಡುತ್ತಿದ್ದರು. ಪುಟ್ಟಿಯ ಕಣ್ಣು ಮಾತ್ರ ದಿವಾನಿನ ಕೆಳಗೆ ಉರುಳಿದ ಒಂದು ಎಲಚಿ ಹಣ್ಣಿನ ಮೇಲೆ. ಹೊಟ್ಟೆ ಮೇಲೆ ಮಲಗಿ ಒಳಕ್ಕೆ ತೂರಿದಳು. ಫೋಟೋದಲ್ಲಿ ಇರುವುದು ಹಸಿರು ರೇಷ್ಮೆ ಲಂಗ, ಎರಡು ಪುಟ್ಟ ಅಂಗಾಲು, ಒಂದು ಕಾಲಲ್ಲಿ ಗೆಜ್ಜೆ ಇಲ್ಲ.

"ಮುಖನೇ ಇಲ್ವಲ್ಲೋ" ಅಂದಳು ತಂಗಿ. ಅಮ್ಮ ಕನ್ನಡಕ ಹಾಕಿಕೊಂಡು, ಎರಡು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು.

"ಆ ಎಲಚಿ ಹಣ್ಣು ಸಿಕ್ತೇನೋ ಮಗೂಗೆ?"

"ನೋಡ್ಲಿಲ್ಲಮ್ಮ. ಫೋಟೋ ಹೇಗ್ ಬಂದಿದೆ ಅಂತ ನೋಡ್ಕೊಳ್ತಿದ್ದೆ."

ಅಮ್ಮ ಪೊರಕೆ ತಂದು ದಿವಾನಿನ ಕೆಳಗೆ ಆಡಿಸಿದರು. ಹಣ್ಣು ಇರಲಿಲ್ಲ. ಒಂದು ಗೆಜ್ಜೆ ಬಂತು, ಎರಡು ರೂಪಾಯಿಯ ಒಂದು ನಾಣ್ಯ ಬಂತು. ಅದರ ಹಿಂದೆ, ಇರುವೆ ಮುತ್ತಿಕೊಂಡ, ತಲೆಯಿಲ್ಲದ ಒಂದು ಸಕ್ಕರೆ ಗಿಳಿ.