ನೂರು ಮುಖಗಳ ಹಾಳೆ

ಇಂಗ್ಲೆಂಡಿನ ಲೆಸ್ಟರ್‌ನಿಂದ ಈ ಸಲ ಕೋಲಾರಕ್ಕೆ ಬಂದಾಗ ಚಿಕ್ಕಪ್ಪ ನನ್ನ ಬ್ಯಾಗಿನಲ್ಲಿದ್ದ ಮಾತ್ರೆ ನೋಡಿ, "ಹಾರ್ಟ್ ಮಾತ್ರೆನಾ? ಲೆಸ್ಟರ್‌ನೋರು ನಿನ್ನ ಚೆನ್ನಾಗಿ ಹೆದರಿಸಿದಾರೆ" ಅಂದರು. ನಗುತ್ತಲೇ ಅಂದಿದ್ದು. ಆದರೂ ಚುಚ್ಚಿತು.

ಯಾಕಂದರೆ ಅವರ ಕೈಯಲ್ಲೇ ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಅರ್ಧಂಬರ್ಧ ಮಾತ್ರೆ ಶೀಟುಗಳು. ಕೊಲೆಸ್ಟ್ರಾಲ್‌ಗೆ ಕೊಟ್ಟ ಅಟೊರ್ವಾಸ್ಟಾಟಿನ್‌ನಲ್ಲಿ ನಾಲ್ಕು ಉಳಿದಿತ್ತು. ಯಾಕೆ ಬಿಟ್ರಿ ಅಂದೆ. "ರಿಪೋರ್ಟ್ ನಾರ್ಮಲ್ ಬಂತಲ್ಲ!" ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ ಅಂತ ಯಾರೂ ಹೇಳಿರಲಿಲ್ಲ. ಆಸ್ಪಿರಿನ್ ಮಾತ್ರ ದಿನಾ ತಪ್ಪದೆ ನುಂಗುತ್ತಾರೆ. 2021ರಲ್ಲಿ ಅಪ್ಪು ಹೋದ ಮೇಲೆ ವಾಕಿಂಗ್ ಗೆಳೆಯರೆಲ್ಲ ಒಟ್ಟಿಗೆ ಶುರು ಮಾಡಿದ್ದಂತೆ. ಡಾಕ್ಟರ್ ಬರೆದಿದ್ದಲ್ಲ.

ನನಗೆ ಆಗಿದ್ದೇ ಬೇರೆ. ಇಂಗ್ಲೆಂಡಿನಲ್ಲಿ 40ರಿಂದ 74 ವಯಸ್ಸಿನವರನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತಾರೆ. ನರ್ಸ್ ನನ್ನ ಬಿ.ಪಿ., ಕೊಲೆಸ್ಟ್ರಾಲ್ ಎಲ್ಲ ಕಂಪ್ಯೂಟರಿಗೆ ಹಾಕಿದರು. ಭಾರತದವನು ಅನ್ನೋದನ್ನೂ ಹಾಕಿದರು, ನಮ್ಮ ಕಡೆಯವರಿಗೆ ಅಪಾಯ ಜಾಸ್ತಿ ನೋಡಿ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತವೋ ಲಕ್ವವೋ ಆಗುವ ಅಪಾಯದ ಲೆಕ್ಕ, ಶೇಕಡ 10 ಬಂತು. ಆಮೇಲೆ ಒಂದು ಹಾಳೆ ಕೊಟ್ಟರು. ಅದರಲ್ಲಿ ನೂರು ಪುಟ್ಟ ಮುಖಗಳು. 90 ಜನಕ್ಕೆ ಕೊಲೆಸ್ಟ್ರಾಲ್ ಮಾತ್ರೆ ಇಲ್ಲದಿದ್ದರೂ ಏನೂ ಆಗಲ್ಲ. ಉಳಿದ ಹತ್ತು ಜನಕ್ಕೆ ಹೃದಯಾಘಾತವೋ ಲಕ್ವವೋ ಆಗುತ್ತದೆ. ನೂರೂ ಜನ ಮಾತ್ರೆ ತಗೊಂಡರೆ ಆ ಹತ್ತರಲ್ಲಿ ನಾಲ್ಕು ಜನ ಪಾರು. ಆರು ಜನಕ್ಕೆ ಹೇಗಿದ್ದರೂ ಆಗೋದೇ. ಕೆಲವರಿಗೆ ಮೈಕೈ ನೋವು, ಸಕ್ಕರೆ ಕೊಂಚ ಏರಬಹುದು ಅಂತಲೂ ಹೇಳಿದರು. "ಯೋಚನೆ ಮಾಡಿ ಹೇಳಿ" ಅಂದರು. ಊರಲ್ಲಿ ಯಾವ ಡಾಕ್ಟರೂ ನನಗೆ ಹಾಗಂದಿದ್ದಿಲ್ಲ.

ಚಿಕ್ಕಪ್ಪನ ಜೊತೆ ಅವರ ಡಾಕ್ಟರ್ ಹತ್ತಿರ ಹೋದೆ. ಎರಡು ನಿಮಿಷ. ರಿಪೋರ್ಟ್ ತಿರುವಿ ಹಾಕಿ ಚೀಟಿ ಬರೆದರು. ಹಿಂದೆಂದೂ ಹೃದಯದ ತೊಂದರೆ ಆಗದವರಿಗೆ ಆಸ್ಪಿರಿನ್ನಿಂದ ರಕ್ತಸ್ರಾವದ ಅಪಾಯವೇ ದೊಡ್ಡದಲ್ವಾ ಅಂತ ಕೇಳಿದೆ. (ಸ್ಟೆಂಟ್ ಹಾಕಿಸಿಕೊಂಡವರ ಮಾತು ಬೇರೆ, ಅವರು ಸುಮ್ನೆ ನಿಲ್ಲಿಸಬಾರದು.) "ವಯಸ್ಸಾಯ್ತಲ್ಲ, ಇರಲಿ ಬಿಡಿ" ಅಂದರು. ಚಿಕ್ಕಪ್ಪ ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ಡಾಕ್ಟರ ಹತ್ತಿರ ವಾದ ಮಾಡ್ತಾರಾ? ಮಾತ್ರೆ ನುಂಗೋನು ಪ್ರಶ್ನೆ ಕೇಳಿದರೆ ಅದು ನಮ್ಮೂರಲ್ಲಿ ಇನ್ನೂ ಅಧಿಕಪ್ರಸಂಗವೇ.

ಸರಿ, ಇದನ್ನೂ ಹೇಳಿಬಿಡುತ್ತೇನೆ. ಲೆಸ್ಟರ್‌ನಲ್ಲಿ ಆ ತಪಾಸಣೆಗೆ ಮೂರು ವಾರ ಕಾದಿದ್ದೆ. ಚಿಕ್ಕಪ್ಪ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರು, ಸಂಜೆಗೆ ರಿಪೋರ್ಟ್ ಕೈಯಲ್ಲಿತ್ತು. ಮಾತ್ರೆ ಅಲ್ಲಿ ಫ್ರೀ ಅಂತ ಊರವರ ನಂಬಿಕೆ. ಅರವತ್ತಾಗದ ನಾನು ಚೀಟಿಯಲ್ಲಿನ ಪ್ರತಿ ಔಷಧಿಗೆ ಸುಮಾರು 10 ಪೌಂಡ್ ಕೊಡುತ್ತೇನೆ. ಇನ್ನು ಆ ಹಾಳೆ ಎರಡು ತಿಂಗಳು ಫ್ರಿಜ್ ಮೇಲೇ ಅಂಟಿಕೊಂಡಿತ್ತು. ಹಾಲು ತೆಗೆಯುವಾಗಲೆಲ್ಲ ನೂರು ಮುಖ ನನ್ನನ್ನೇ ನೋಡುತ್ತಿದ್ದವು. ಯಾರಾದರೂ "ತಗೋ" ಅಂದುಬಿಟ್ಟಿದ್ದರೆ ಸಾಕಿತ್ತು ಅನಿಸಿದ್ದು ಸುಳ್ಳಲ್ಲ. ಇಲ್ಲಿಯ ಡಾಕ್ಟರ್ ನಾವು ಏಳುವಾಗ ಚಿಕ್ಕಪ್ಪನ ಕಾಲು ಒತ್ತಿ ನೋಡಿ, "ಉಪ್ಪಿನಕಾಯಿ ಬಿಟ್ರಾ ಇಲ್ವಾ?" ಅಂತ ಗದರಿದರು. ನನ್ನ ಉಪ್ಪಿನಕಾಯಿ ವಿಷಯ ಲೆಸ್ಟರ್‌ನಲ್ಲಿ ಯಾರಿಗೂ ಗೊತ್ತಿಲ್ಲ.

ರಾತ್ರಿ ಮುದ್ದೆ ಬಸ್ಸಾರು ಮುಗಿಸಿ ಚಿಕ್ಕಪ್ಪ, "ಆ ನೂರು ಜನರ ಹಾಳೆ ವಾಟ್ಸಪ್‌ಗೆ ಹಾಕು" ಅಂದರು. ಹಾಕಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಅಲ್ಲಯ್ಯಾ, ಆ ನಾಲ್ಕು ಜನ ಯಾರಂತೆ?"